ಪ್ರಬೋಧ ಲಾಡ್ಜಿನ ಏಳನೆಯ ಸದಸ್ಯೆ

ಜೂನ್ ೧೮, ೨೦೦೬, ಭಾನುವಾರ

ಇಂದು ಮತ್ತೆ ಇಬ್ಬರು ಸೂಟ್‌ಕೇಸು ಹಿಡಿದು ಗೇಟಿನೊಳಗೆ ಬಂದರು. "ಮೇಡಂ, ಡಬಲ್ ರೂಮ್ ಉಂದಾ?" ಗೇಟಿನ ಕಮಾನಿನ ಮೇಲೆ 'ಪ್ರಬೋಧ ಲಾಡ್ಜ್' ಎಂದು ಬರೆಸಿದವರು ತೀರಿಹೋಗಿ ಐವತ್ತು ವರ್ಷವಾಗಿದೆ. ಥಿಯಾಸಫಿಯವರ ಮಾತಿನಲ್ಲಿ ಲಾಡ್ಜ್ ಎಂದರೆ ಒಂದು ಶಾಖೆ, ಸತ್ಯ ಹುಡುಕುವವರು ಕೂಡುವ ಮನೆ ಎಂದು ತಾರ್ನಾಕದ ಈ ಗಲ್ಲಿಯಲ್ಲಿ ಯಾರಿಗೆ ಹೇಳಲಿ? ಸಾಫ್ಟ್‌ವೇರ್ ಕೋರ್ಸಿಗೆಂದು ಊರೂರಿನಿಂದ ಬರುವವರಿಗೆ ಬೇಕಾದದ್ದು ಮಂಚ ಮತ್ತು ನಲ್ಲಿ ನೀರು. ಇಲ್ಲ ಎಂದೆ. ಅವರಲ್ಲೊಬ್ಬ ಒಳಗೆ ಇಣುಕಿ, ಗೋಡೆಯ ಮೇಲೆ ಎಲ್ಲ ಧರ್ಮಗಳ ಚಿಹ್ನೆಗಳು ಸಾಲಾಗಿರುವುದನ್ನು ನೋಡಿ, ಗುಡಿಯೋ ಮಸೀದಿಯೋ ತಿಳಿಯದೆ ಎರಡಕ್ಕೂ ಆಗುವಂತೆ ಅರ್ಧ ನಮಸ್ಕಾರ ಮಾಡಿ ಹೋದ.

ಸಭೆಗೆ ಆರು ಜನ. ಇರುವುದೇ ಆರು ಜನ. ದಿನೇಶ ಒಂದು ಪ್ರಸ್ತಾಪ ತಂದಿದ್ದಾರೆ. ನಮ್ಮ ಈ ಸಭೆಯ ಹಾಲ್ ಅನ್ನು ಒಂದು ಕಂಪ್ಯೂಟರ್ ತರಬೇತಿಯವರಿಗೆ ಹನ್ನೊಂದು ವರ್ಷ ಬಾಡಿಗೆಗೆ ಕೊಡುವುದು. ಭಾನುವಾರ ಸಂಜೆ ಒಂದು ಗಂಟೆ ನಮಗೆ ಒಂದು ಕ್ಲಾಸ್‌ರೂಮ್ ಬಿಟ್ಟುಕೊಡುತ್ತಾರಂತೆ. ಪುಸ್ತಕಗಳನ್ನು ಟ್ರಂಕಿಗೆ ತುಂಬಿ ದಿನೇಶರ ಗ್ಯಾರೇಜಿನಲ್ಲಿ ಇಡುವುದಂತೆ. ಅಧ್ಯಕ್ಷ ಹನುಮಂತರಾಯರು ಕಣ್ಣು ಮುಚ್ಚಿ ಕೇಳಿ, "ಕಟ್ಟಡವೂ ಒಂದು ದೇಹವೇ ಅಮ್ಮಾ. ಜೀವ ಬೇರೆ ದೇಹ ಹುಡುಕಿಕೊಳ್ಳುತ್ತದೆ" ಎಂದರು. (ಅವರು ಆಡುವುದು ತೆಲುಗು. ನನಗೆ ಹೊಳೆದ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ವೀರಭದ್ರಪ್ಪ ತಲೆಯಾಡಿಸಿದರು. ಅವರು ಯಾವುದಕ್ಕೆ ತಲೆಯಾಡಿಸಿಲ್ಲ?

ಆಗಸ್ಟ್ ೨೦ರ ವಾರ್ಷಿಕ ಸಭೆಯಲ್ಲಿ ತೀರ್ಮಾನ.

ಜೂನ್ ೨೦, ಮಂಗಳವಾರ

ಕಾಲೇಜಿನಿಂದ ಕಾಗದ ಬಂತು. ಕನ್ನಡ ವಿಭಾಗವನ್ನು ಮುಚ್ಚಲಾಗಿದೆ, ಈವರೆಗಿನ ಸೇವೆಗೆ ಧನ್ಯವಾದ. ಹದಿನೇಳು ವರ್ಷದ ಅರೆಕಾಲಿಕ ಸೇವೆಗೆ ಎರಡು ಸಾಲು. ಹೋದ ವರ್ಷ ಮೂವರಿದ್ದರು, ಈ ವರ್ಷ ಒಬ್ಬಳೂ ಸೇರಲಿಲ್ಲ, ಆದ್ದರಿಂದ ಆಶ್ಚರ್ಯವೇನಿಲ್ಲ. ಆದರೂ ಎರಡು ಸಲ ಓದಿದೆ.

ಮಲ್ಕಾಜ್‌ಗಿರಿಯ ಈ ಮನೆ ತಮ್ಮನದು. ಅಮೃತಪ್ಪ ರೈಲ್ವೆಯಲ್ಲಿದ್ದಾನೆ. ನನಗೊಂದು ಮಂಚವಿದೆ, ಮೇಜಿಲ್ಲ. ಲಾಡ್ಜಿನ ಪುಸ್ತಕಗಳ ಕೋಣೆಯಲ್ಲಿ, ಪೂರ್ವದ ಕಿಟಕಿಗೆ ಒತ್ತಿ, ಒಂದು ಮೇಜಿದೆ. ಹನ್ನೆರಡು ವರ್ಷದಿಂದ ಅಲ್ಲಿ ಕುಳಿತು ಕವಿತೆ ಓದಿದ್ದೇನೆ. ಸಂಬಳವಿಲ್ಲದ ಗ್ರಂಥಪಾಲಕಿ. ಅದು ಹೋದರೆ ಈ ಊರಿನಲ್ಲಿ ನಾನು ಬಾಗಿಲು ತೆರೆದು ಒಳಹೋಗಬಹುದಾದ ಕೋಣೆ ಒಂದೂ ಉಳಿಯುವುದಿಲ್ಲ.

ಲೆಕ್ಕ ಸುಲಭ. ಕೊಡೋಣ ಎನ್ನುವವರು ಹನುಮಂತರಾಯರು, ದಿನೇಶ, ವೀರಭದ್ರಪ್ಪ. ಬೇಡ ಎನ್ನುವವರು ನಾನು, ಬಟ್ಟೆ ಅಂಗಡಿಯ ಚಂದ್ರಕಾಂತ, ನಿವೃತ್ತ ಡಾಕ್ಟರಮ್ಮ. ಸಮ ಬಿದ್ದರೆ ಅಧ್ಯಕ್ಷರ ನಿರ್ಣಾಯಕ ಮತ. ಅಂದರೆ ಈಗಾಗಲೇ ಸೋತಿದ್ದೇವೆ.

ಅಮೃತಪ್ಪನಿಗೆ ಹೇಳಿದೆ. "ಅಲ್ಲ ಅಕ್ಕಾ, ಆರು ಮಂದಿ ಕೂಡಿ ಸತ್ತವರ ಸುದ್ದಿ ಮಾತಾಡಾಕ ಅಷ್ಟ ದೊಡ್ಡ ಹಾಲ್ ಯಾಕ? ನಮ್ಮ ಮನಿ ಮಾಳಿಗಿ ಮ್ಯಾಲೆ ಕೂಡ್ರಿ, ಚಹಾ ನಾ ಕೊಡ್ತೀನಿ" ಎಂದು ನಕ್ಕ. ಅವನು ಒಳ್ಳೆಯವನು. ಅದೇ ಕಷ್ಟ.

ಜೂನ್ ೨೫, ಭಾನುವಾರ

ಇಂದಿನ ಉಪನ್ಯಾಸ: ಕರ್ಮದ ನಿಯಮ. ಬೆಳಗಿನ ಪೇಪರಿನಲ್ಲಿ ಕಟ್ಟುತ್ತಿದ್ದ ಕಟ್ಟಡದ ಸ್ಲ್ಯಾಬ್ ಕುಸಿದು ನಾಲ್ವರು ಸತ್ತ ಸುದ್ದಿಯಿತ್ತು. ಡಾಕ್ಟರಮ್ಮ ಅದನ್ನೇ ಕೇಳಿದರು. ಹನುಮಂತರಾಯರು ಬೆರಳ ತುದಿಗಳನ್ನು ಜೋಡಿಸಿಕೊಂಡು, "ಪ್ರತಿಯೊಬ್ಬರೂ ತಮ್ಮ ತಮ್ಮ ಮೆಟ್ಟಿಲ ಮೇಲೆ ನಿಂತಿದ್ದಾರೆ. ಆ ಮೆಟ್ಟಿಲಿಗೆ ಬೇಕಾದ ಪಾಠ ಅವರಿಗೆ ಸಿಗುತ್ತದೆ" ಎಂದರು. ಎಂಥ ತಣ್ಣನೆಯ ಮನುಷ್ಯ! ಸತ್ತವರಿಗೆ ಪಾಠ ಹೇಳುವ ಮೇಷ್ಟರು. ಹೀಗೆ ಮಾತಾಡಲು ಎಷ್ಟು ವರ್ಷದ ಧ್ಯಾನ ಬೇಕೋ.

ಎಲ್ಲರೂ ಹೋದ ಮೇಲೆ ಸಾಬಮ್ಮ ಕಸ ಹೊಡೆಯಲು ಬಂದಳು. ಯಾದಗಿರಿ ಕಡೆಯವಳು. ಗಂಡ ಮಾಣಿಕಪ್ಪ ಗಾರೆ ಕೆಲಸದವನು. ಗುರುವಾರ, ಭಾನುವಾರ ಹಾಲ್ ಗುಡಿಸುತ್ತಾಳೆ. ನಾವಿಬ್ಬರೂ ಕನ್ನಡದವರೆಂದು ನನ್ನ ಹತ್ತಿರ ಎರಡು ಮಾತು ಹೆಚ್ಚು.

"ಅಕ್ಕೋರೆ, ಬಿದ್ದು ಸತ್ತವರ ಸುದ್ದಿ ತೆಗೆದಿದ್ರಲ್ರಿ. ಆ ಮುದುಕಪ್ಪಾರು ಏನಂದ್ರು?"

"ಯಾಕ ಸಾಬಮ್ಮ?"

ಆಗ ಹೇಳಿದಳು. ಮಗಳು ಗದಿಗೆಮ್ಮ, ಹತ್ತೊಂಬತ್ತು ವರ್ಷ. ಎರಡು ವರ್ಷದ ಹಿಂದೆ ಮಾದಾಪುರದಲ್ಲಿ, ಗಾಜಿನ ಕಟ್ಟಡದ ನಾಲ್ಕನೆಯ ಮಾಳಿಗೆಯಿಂದ, ತಲೆಯ ಮೇಲೆ ಇಟ್ಟಿಗೆ ಹೊತ್ತವಳು ಬಿದ್ದಳು. "ನಾ ಕೆಳಗ ಉಸುಕು ಸೋಸಾಕತ್ತಿದ್ದೆರಿ. ಮ್ಯಾಲಿಂದ ಇಟ್ಟಂಗಿ ಬಿದ್ವು ಅಂತ ಬೈಯಾಕ ಬಾಯಿ ತೆಗೆದಿದ್ದೆ."

ಆ ಕಿವಿಗೆ ಹನುಮಂತರಾಯರ ಮೆಟ್ಟಿಲನ್ನು ಹೇಗೆ ಹೇಳುವುದು? ಬದಲಿಗೆ ದೇವಾಚನದ ವಿಷಯ ಹೇಳಿದೆ. ಸತ್ತ ಜೀವ ಎರಡು ಜನ್ಮಗಳ ನಡುವೆ ಒಂದು ಸುಖದ ಸ್ಥಿತಿಯಲ್ಲಿ ಇರುತ್ತದೆ, ಅಲ್ಲಿ ನೋವಿಲ್ಲ, ತನಗೆ ಬೇಕಾದವರೆಲ್ಲ ತನ್ನ ಜೊತೆಗೇ ಇದ್ದಾರೆ ಎಂದು ಕಾಣುತ್ತಿರುತ್ತದೆ. ಅವಳು ಪೊರಕೆ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟಳು.

"ದ್ಯಾವಚಾನ. ಹೆಸರು ಚಲೋ ಐತ್ರಿ" ಎಂದಳು.

ಮನೆಗೆ ಬರುವಾಗ ಬಸ್ಸಿನಲ್ಲಿ ಹೊಳೆಯಿತು. ನಮ್ಮ ಮೊದಲ ಉದ್ದೇಶ ಏನು? ಜಾತಿ, ಮತ, ಲಿಂಗ, ಬಣ್ಣ ನೋಡದ ವಿಶ್ವಭ್ರಾತೃತ್ವ. ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬರೆಸಿದ್ದೇವೆ. ಹಾಗಿದ್ದರೆ ಏಳನೆಯ ಸದಸ್ಯೆ ಸಾಬಮ್ಮ ಏಕಾಗಬಾರದು?

ಜುಲೈ ೨, ಭಾನುವಾರ

ಅರ್ಜಿ ಕೊಟ್ಟೆ. ಸೂಚಕರು ನಾನು ಮತ್ತು ಡಾಕ್ಟರಮ್ಮ. ಸಾಬಮ್ಮನ ಹೆಬ್ಬೆಟ್ಟಿನ ಗುರುತು, ಅದರ ಪಕ್ಕದಲ್ಲಿ ನನ್ನ ಅಕ್ಷರದಲ್ಲಿ ಅವಳ ಹೆಸರು. ಹನುಮಂತರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಿರಾಕರಿಸುವಂತಿಲ್ಲ, ಗೋಡೆ ಅವರ ಬೆನ್ನ ಹಿಂದೆಯೇ ಇತ್ತು.

"ಆಕೆಗೆ ಇದರಿಂದ ಏನು ಲಾಭ ಅಮ್ಮಾ?" ಎಂದರು.

"ನಮಗೆ ಏನು ಲಾಭವೋ ಅದೇ" ಎಂದೆ. ಇಷ್ಟು ಚೆನ್ನಾದ ಉತ್ತರ ನನ್ನ ಬಾಯಿಂದ ಬಂದು ಎಷ್ಟು ಕಾಲವಾಗಿತ್ತು! ಮನೆಗೆ ಬಂದು ಬಹಳ ದಿನದ ಮೇಲೆ ಕವಿತೆಗಳನ್ನು ಗಟ್ಟಿಯಾಗಿ ಓದಿಕೊಂಡೆ. ತಮ್ಮನ ಹೆಂಡತಿ ಉಮಾಶ್ರೀ ಬಂದು ಬಾಗಿಲಲ್ಲಿ ನಿಂತು, "ವೈನಿ, ಯಾರ ಫೋನು?" ಎಂದಳು.

ಜುಲೈ ೯, ಭಾನುವಾರ

ಸಾಬಮ್ಮ ಕುರ್ಚಿಯ ಮೇಲೆ ಕುಳಿತಳು. ಹಸಿರು ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಅವಳು ಕುಳಿತದ್ದು ವೀರಭದ್ರಪ್ಪನವರ ಪಕ್ಕದಲ್ಲಿ. ಅವರು ಮೊದಲು ಕೆಮ್ಮಿದರು, ಆಮೇಲೆ ಫ್ಯಾನಿನ ಗಾಳಿ ಆಗುವುದಿಲ್ಲ ಎಂದು ಎದ್ದು ಆ ತುದಿಗೆ ಹೋದರು. ಅಲ್ಲಿ ಎರಡು ಫ್ಯಾನು ತಿರುಗುತ್ತಿದ್ದವು.

ಚಂದ್ರಕಾಂತರು ಎಲ್ಲರಿಗೂ ಚಹಾ ತರಿಸಿದರು. ಹೋಟೆಲಿನವನು ಆರು ಲೋಟ ತಂದ. ಆರೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹನ್ನೆರಡು ವರ್ಷದ ಅಭ್ಯಾಸ. ಸಾಬಮ್ಮ ತಾನೇ ಎದ್ದು, "ನಾ ಕುಡಿಯಂಗಿಲ್ರಿ, ಪಿತ್ತ ಆಕೈತಿ" ಎಂದಳು. ಎಲ್ಲರಿಗೂ ಸಮಾಧಾನವಾಯಿತು. ನಾನು ನನ್ನ ಲೋಟವನ್ನು ಅವಳಿಗೆ ಕೊಡಬಹುದಿತ್ತು. ಆ ಹೊತ್ತಿಗೆ ಕುಡಿದುಬಿಟ್ಟಿದ್ದೆ.

ಉಪನ್ಯಾಸದುದ್ದಕ್ಕೂ ಅವಳ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದೆ. ಕೆಲವನ್ನು ಬಿಟ್ಟೆ, ಕೆಲವನ್ನು ಸೇರಿಸಿದೆ. ಹನುಮಂತರಾಯರಿಗಿಂತ ನನ್ನ ಉಪನ್ಯಾಸವೇ ಚೆನ್ನಾಗಿತ್ತು ಎನ್ನಿಸಿತು.

ಜುಲೈ ೧೩, ಗುರುವಾರ

ಸಾಬಮ್ಮ ಗುಡಿಸುವುದನ್ನು ಮುಗಿಸಿ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಾಳೆ. ಬಂದಾಗಲೆಲ್ಲ ಅದೇ ವಿಷಯ.

"ಅಲ್ಲಿ ಆಕಿಗಿ ಹಸಿವಿ ಆಕೈತೇನ್ರಿ?"

"ಇಲ್ಲ."

"ನಾ ಆಕಿ ಜತಿ ಅದೀನಂತ ಆಕಿಗಿ ಕಾಣ್ತೈತಿ ಅಂದ್ರೆಲ್ಲ. ಹಂಗಾದ್ರ ಅಲ್ಲಿ ಇರೂ ನಾನು ಯಾರ್ರಿ?"

ಈ ಪ್ರಶ್ನೆಯನ್ನು ಹನುಮಂತರಾಯರಿಗೆ ಯಾರೂ ಕೇಳಿರಲಿಕ್ಕಿಲ್ಲ. ನಿನ್ನ ರೂಪ, ಆಕೆಯ ಮನಸ್ಸಿನಲ್ಲಿದ್ದ ಸಾಬಮ್ಮ ಎಂದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ನಿಂತಳು.

"ಆಕಿ ಅವತ್ತ ಹೂವ ಮುಡಕೊಂಡಿದ್ಲು ಅಕ್ಕೋರೆ. ಕಾಕಡಾ ಹೂವ. ಇಟ್ಟಂಗಿ ಹೊರಾಕ ಬಂದೀಯೋ ಮದುವ್ಯಾಗ ಕುಣ್ಯಾಕ ಬಂದೀಯೋ ಅಂತ ಬೈದ್ನಿರಿ. ಎಲ್ಲಾರ ಮುಂದ. ಸಿಟ್ಟಿಲೆ ಮ್ಯಾಲ ಹೋದ್ಲು. ಅಲ್ಲಿ ಇರೂ ನಾನು ಆಕಿಗಿ ಬೈತೀನೇನ್ರಿ?"

"ಇಲ್ಲ ಸಾಬಮ್ಮ. ಅಲ್ಲಿ ಒಳ್ಳೇದಷ್ಟ ಇರ್ತದ. ಅಲ್ಲಿ ನೀನ ಆಕಿಗೆ ಹೂವ ಮುಡಸ್ತಿ."

ಎರಡು ವರ್ಷದಿಂದ ಹೆಗಲ ಮೇಲಿದ್ದುದನ್ನು ಯಾರೋ ಇಳಿಸಿದಂತೆ ಅವಳ ಹೆಗಲು ಕೆಳಗಾದದ್ದನ್ನು ನಾನು ಕಂಡೆ. ಹದಿನೇಳು ವರ್ಷ ಪಾಠ ಹೇಳಿದ್ದೇನೆ. ಯಾರ ಹೆಗಲೂ ಹೀಗೆ ಇಳಿದಿರಲಿಲ್ಲ.

ಜುಲೈ ೨೭, ಗುರುವಾರ

ದೇವಾಚನದ ಬಗ್ಗೆ ಇನ್ನಷ್ಟು ತಿಳಿದಿರಲಿ ಎಂದು ಹಳೆಯ ಪತ್ರಗಳ ಸಂಗ್ರಹವೊಂದನ್ನು ತೆಗೆದೆ. ಗೆದ್ದಲು ತಿಂದ ಸಂಪುಟ. ಅದರಲ್ಲೊಂದು ಪುಟವಿದೆ. ಅಪಘಾತದಲ್ಲಿ ಸತ್ತವರು ನೇರ ದೇವಾಚನಕ್ಕೆ ಹೋಗಲಾರರಂತೆ. ಬದುಕಬೇಕಾಗಿದ್ದ ಆಯುಸ್ಸು ತೀರುವವರೆಗೆ ಅವರು ಕಾಮಲೋಕದಲ್ಲಿ, ಅಂದರೆ ಈ ಭೂಮಿಗೆ ಅಂಟಿಕೊಂಡ ಪದರದಲ್ಲಿ, ಕಾಯಬೇಕಂತೆ. ಒಳ್ಳೆಯ ಜೀವವಾದರೆ ನಿದ್ದೆಯಲ್ಲಿ.

ಪುಸ್ತಕ ಮುಚ್ಚಿ ಮೇಲಿನ ಹಲಗೆಯಲ್ಲಿ ಇಟ್ಟೆ. ಇದನ್ನು ಅವಳಿಗೆ ಹೇಳುವ ಅಗತ್ಯವಿಲ್ಲ. ಕರುಣೆಗೆ ಒಂದು ಪುಟ ಕಡಿಮೆ ಓದುವ ಹಕ್ಕಿದೆ.

ಆಗಸ್ಟ್ ೬, ಭಾನುವಾರ

ಸಾಬಮ್ಮ ತಡವಾಗಿ ಬಂದಳು. ಕೇಳಿದರೆ, ಇಂದು ಸ್ಲ್ಯಾಬ್ ಹಾಕುವ ದಿನ, ಮೇಸ್ತ್ರಿ ಬಿಡಲಿಲ್ಲ ಎಂದಳು. ಇಪ್ಪತ್ತನೆಯ ತಾರೀಕು ಸ್ಲ್ಯಾಬ್ ಇರಲಿ, ಏನೇ ಇರಲಿ, ಬರಲೇಬೇಕು ಎಂದು ಹೇಳಿದೆ.

"ಬರ್ತೀನ್ರಿ. ಏನ್ ಮಾಡ್ಬೇಕ್ರಿ ನಾ?"

"ಹಾಲ್ ಉಳಿಬೇಕನ್ನಾವರು ಕೈ ಎತ್ತರಿ ಅಂತ ಕೇಳ್ತಾರ. ಆಗ ಎತ್ತಬೇಕು."

"ಅಷ್ಟ ಏನ್ರಿ!" ಎಂದು ನಕ್ಕಳು. ನಕ್ಕಾಗ ಅವಳು ಮುದುಕಿಯಲ್ಲ. ನನಗಿಂತ ಚಿಕ್ಕವಳು.

ಮತ್ತೆ ದೇವಾಚನದ ಮಾತು ತೆಗೆದಳು. ಗದಿಗೆಮ್ಮನಿಗೆ ಅಲ್ಲಿ ಮದುವೆ ಆಗಿರುತ್ತದೆಯೇ ಎಂದು. ತಲೆ ನೋಯುತ್ತಿತ್ತು, ಆಗಿರುತ್ತದೆ ಎಂದೆ. ಅದಕ್ಕೂ ಖುಷಿಪಟ್ಟಳು. ಅವಳಿಗೆ ಕಟ್ಟಡ ಬೇಕಿಲ್ಲ, ತತ್ವ ಬೇಕಿಲ್ಲ. ಮಗಳ ಸುದ್ದಿ ತರುವ ಅಂಚೆಯವಳು ಬೇಕು.

ಆಗಸ್ಟ್ ೧೫, ಮಂಗಳವಾರ

ಓಣಿಯಲ್ಲಿ ಧ್ವಜ, ಮೈಕು, ಪೇಡೆ. ಓದಲಾಗಲಿಲ್ಲ. ಇನ್ನು ಐದು ದಿನ.

ಆಗಸ್ಟ್ ೨೦, ಭಾನುವಾರ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಏಳೂ ಜನ ಬಂದಿದ್ದರು. ಸಾಬಮ್ಮ ಅದೇ ಹಸಿರು ಸೀರೆಯಲ್ಲಿ, ಎಲ್ಲರಿಗಿಂತ ಮೊದಲು. ದಿನೇಶ ಕಂಪ್ಯೂಟರಿನವರ ಬಣ್ಣದ ಚಿತ್ರಗಳನ್ನು ತೋರಿಸಿದರು. ಗೋಡೆಯೆಲ್ಲ ಬಿಳಿ, ನನ್ನ ಕಿಟಕಿಯ ಜಾಗದಲ್ಲಿ ಎ.ಸಿ. ನಾನು ಹತ್ತು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಡಾಕ್ಟರಮ್ಮ ಕಣ್ಣೊರೆಸಿಕೊಂಡರು.

ಹನುಮಂತರಾಯರು, "ಹಾಲ್ ನಮ್ಮಲ್ಲೇ ಉಳಿಯಬೇಕು ಎನ್ನುವವರು ಕೈ ಎತ್ತಿ" ಎಂದರು. ನಾನು ಕನ್ನಡದಲ್ಲಿ ಹೇಳುವ ಮೊದಲೇ ಸಾಬಮ್ಮನ ಕೈ ಎದ್ದಿತ್ತು. ನಾಲ್ಕು ಕೈ. ಗೆದ್ದೆವು ಎಂದುಕೊಂಡೆ.

"ಕೊಡಬೇಕು ಎನ್ನುವವರು?" ಎಂದರು. ಹನುಮಂತರಾಯರ ಕೈ, ದಿನೇಶರ ಕೈ, ವೀರಭದ್ರಪ್ಪನವರ ಕೈ. ಅವರ ನಡುವೆ ಹಸಿರು ಬಳೆಗಳ ಕೈ, ಎಲ್ಲಕ್ಕಿಂತ ಎತ್ತರ.

"ಸಾಬಮ್ಮ! ಕೈ ಇಳಿಸು!" ಎಂದೆ.

ಅವಳು ಗಾಬರಿಯಾಗಿ ಇನ್ನೊಂದು ಕೈಯನ್ನೂ ಎತ್ತಿದಳು.

ದಿನೇಶ ನಗುವನ್ನು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. ಹನುಮಂತರಾಯರು ಮೃದುವಾಗಿಯೇ, ಎರಡೂ ಕಡೆ ಎತ್ತಿದ ಮತ ಯಾವ ಕಡೆಗೂ ಇಲ್ಲ, ಮೂರು ಮೂರು ಸಮ ಎಂದರು. ಆಮೇಲೆ ತಮ್ಮ ನಿರ್ಣಾಯಕ ಮತವನ್ನು ಹಾಕಿದರು. ಕೈ ಎತ್ತುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ, ತಲೆಯಾಡಿಸಿದರು ಅಷ್ಟೆ.

ಹೊರಗೆ ಬಂದು ಕೇಳಿದೆ. "ಯಾಕ ಎತ್ತಿದಿ?"

"ಪಾರ್ಟಿಯವರು ಮೀಟಿಂಗಿಗಿ ಲಾರ್‍ಯಾಗ ತುಂಬಿಕೊಂಡ ಹೋದಾಗ ಎಲ್ಲಾದಕ್ಕೂ ಎತ್ತೀವಲ್ರಿ. ಒಂದಕ್ಕ ಎತ್ತಿ ಒಂದಕ್ಕ ಬಿಟ್ರ ಬಿಟ್ಟವರಿಗಿ ಬ್ಯಾಸರ ಆಕೈತ್ರಿ. ಆ ಮುದುಕಪ್ಪಾರು ನನ್ನ ಮಾರಿ ನೋಡಿ ಕೇಳಿದ್ರು. ದೊಡ್ಡವರು ಕೇಳಿದಾಗ ಹ್ಯಾಂಗ ಸುಮ್ಮ ಕೂಡ್ಲಿ?" ಆಮೇಲೆ, "ತಪ್ಪಾತೇನ್ರಿ?" ಎಂದಳು.

ನಾನು ಬಸ್ಸು ಹಿಡಿದೆ.

ಆಗಸ್ಟ್ ೨೧, ಸೋಮವಾರ

ಏನೂ ಇಲ್ಲ.

ಆಗಸ್ಟ್ ೨೪, ಗುರುವಾರ

ಪುಸ್ತಕಗಳನ್ನು ಟ್ರಂಕಿಗೆ ತುಂಬಿದೆ. ಮೇಜು ಭಾರವೆಂದು ಗುಜರಿಯವನು ಅಲ್ಲೇ ಕಾಲು ಮುರಿದು, ತುಂಡು ತುಂಡಾಗಿ ಒಯ್ದ.

ಸಾಬಮ್ಮ ಬಂದಳು. ಟ್ರಂಕಿಗೆ ಕೈ ಹಚ್ಚಿದಳು. ಬೇಡವೆಂದೆ. ಧೂಳು ಒರೆಸಿದಳು. ಎಲ್ಲ ಮುಗಿದ ಮೇಲೆ, ಅವಳು ಅದನ್ನು ಕೇಳದಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ, ಅದೇ ದನಿಯಲ್ಲಿ ಕೇಳಿದಳು:

"ಇನ್ ಮ್ಯಾಲ ದ್ಯಾವಚಾನದ ಸುದ್ದಿ ಎಲ್ಲಿ ಹೇಳ್ತೀರಿ ಅಕ್ಕೋರೆ? ನಿಮ್ಮ ಮನಿಗಿ ಬರ್ಲೇನು?"

ಹಾಲ್ ಹೋಯಿತು, ಮೇಜು ಹೋಯಿತು, ಅವಳಿಗೆ ಅದರ ಗೊಡವೆಯೇ ಇಲ್ಲ. ಮೇಲಿನ ಹಲಗೆಯ ಸಂಪುಟ ಇನ್ನೂ ಟ್ರಂಕಿಗೆ ಬಿದ್ದಿರಲಿಲ್ಲ. ಅದನ್ನು ತೆಗೆದು, ಆ ಪುಟ ತೆರೆದು, ಸಾಲು ಸಾಲಾಗಿ ಕನ್ನಡ ಮಾಡಿ ಹೇಳಿದೆ. ಒಂದನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಬಿದ್ದು ಸತ್ತವರು ಅಲ್ಲಿಗೆ ಹೋಗುವುದಿಲ್ಲ. ಆಯುಸ್ಸು ತೀರುವವರೆಗೆ ಇಲ್ಲೇ, ಭೂಮಿಯ ಹತ್ತಿರವೇ.

"ಆಕಿ ದ್ಯಾವಚಾನದಾಗ ಇಲ್ಲೇನ್ರಿ?"

"ಇಲ್ಲ."

"ಲಗ್ನ ಆಗಿಲ್ಲೇನ್ರಿ?"

"ಇಲ್ಲ."

"ಮತ್ತ ಎಲ್ಲಿ ಅದಾಳ?"

"ಸತ್ತ ಜಾಗದ ಆಸುಪಾಸು ಇರ್ತಾರ ಅಂತಾರ. ನಿದ್ಯಾಗ."

ಪುಸ್ತಕದಲ್ಲಿ ಜಾಗದ ಮಾತಿಲ್ಲ. ಅದೊಂದು ಮಾತು ನನ್ನದು. ಅವಳು ಪೊರಕೆಯನ್ನು ಮೂಲೆಗೆ ನಿಲ್ಲಿಸಿ ಹೋದಳು.

ನಾನು ಅವಳಿಗೆ ಸತ್ಯವನ್ನು ಹೇಳಿದ್ದೇನೆ. ಎಷ್ಟು ದಿನವೆಂದು ಅವಳನ್ನು ಸಕ್ಕರೆ ಕಥೆಯಲ್ಲಿ ಇಡುವುದು? ಯಾರೇ ಆಗಲಿ ತಾವು ನಿಂತ ಮೆಟ್ಟಿಲಿನಿಂದ ಮೇಲೇರಬೇಕಾದರೆ ಅದಕ್ಕೆ ಬೇಕಾದ ಪಾಠ ಸಿಗಲೇಬೇಕು. ಮನಸ್ಸು ಸ್ವಲ್ಪ ಹಗುರವಾಗಿದೆ.

ಸೆಪ್ಟೆಂಬರ್ ೩, ಭಾನುವಾರ

ಹೊಸ ಬೋರ್ಡು ಬಂದಿದೆ. ನೀಲಿ ಅಕ್ಷರ, ಒಳಗೆ ದೀಪ. ಕ್ಲಾಸ್‌ರೂಮಿನಲ್ಲಿ ಐದು ಜನ ಸೇರಿದ್ದೆವು. ಡಾಕ್ಟರಮ್ಮ ಬರಲಿಲ್ಲ. ಸಾಬಮ್ಮ ಬರಲಿಲ್ಲ. ಅವಳು ಬರಲಿಲ್ಲವೆಂದು ಯಾರೂ ಗಮನಿಸಲಿಲ್ಲ. ಗಮನಿಸಿದವಳು ನಾನೊಬ್ಬಳೇ ಇರಬೇಕು, ಎರಡು ಸಲ ಬಾಗಿಲ ಕಡೆ ನೋಡಿದೆ. ಹನುಮಂತರಾಯರು ಬಿಳಿ ಹಲಗೆಯ ಮೇಲೆ ಮಾರ್ಕರಿನಿಂದ ಏಳು ಲೋಕಗಳ ಚಿತ್ರ ಬರೆದರು. ಹೋಗುವಾಗ ಅಳಿಸುವುದನ್ನು ಮರೆತರು. ನಾನು ಅಳಿಸಿದೆ.

ಸೆಪ್ಟೆಂಬರ್ ೧೪, ಗುರುವಾರ

ಮಧ್ಯಾಹ್ನ ಮಾಣಿಕಪ್ಪ ಮನೆ ಹುಡುಕಿಕೊಂಡು ಬಂದ. ಚಪ್ಪಲಿಯನ್ನು ಗೇಟಿನಾಚೆ ಬಿಟ್ಟು, ಅಂಗಳದಲ್ಲೇ ನಿಂತ. ಕೂತುಕೋ ಎಂದರೆ ಕೂರಲಿಲ್ಲ.

"ಅಕ್ಕೋರೆ, ಆಕಿಗಿ ಏನ್ ಹೇಳೀರಿ?"

ಏನಾಯಿತು ಎಂದೆ.

"ಮುಂಜಾನಿ ಎದ್ದು ಬಸ್ ಹತ್ತಿ ಮಾದಾಪುರಕ್ಕ ಹೋಗ್ತಾಳ್ರಿ. ಆ ಬಿಲ್ಡಿಂಗ್ ಮುಂದ ಕೂಡ್ತಾಳ. ಕತ್ತಲಾಗೂ ಹೊತ್ತಿಗಿ ಬರ್ತಾಳ. ಕೂಲಿಗಿ ಬಾ ಅಂದ್ರ ಒಲ್ಲೆ ಅಂತಾಳ. ಊರಿಗಿ ಹೋಗಿ ಬಿಡೂಣು, ಹೊಲ ಹಚ್ಚೂಣು ಅಂತ ಮಾತಾಗಿತ್ರಿ, ದಸರೆಕ್ಕ. ಈಗ ಈ ಊರು ಬಿಟ್ಟು ಬರಂಗಿಲ್ಲ ಅಂತಾಳ. ಮಗಳ್ನ ಒಬ್ಬಾಕಿನ್ನ ಬಿಟ್ಟು ಹ್ಯಾಂಗ ಬರ್ಲಿ ಅಂತ ನನ್ನ ಕೇಳ್ತಾಳ. ನಾ ಏನ್ ಹೇಳ್ಲಿ? ಮಗಳು ಎಲ್ಲಿ ಅದಾಳ? ನಾನ ಸುಟ್ಟು ಬಂದೀನಿ."

"ನಾನು ಪುಸ್ತಕದಾಗ ಇದ್ದದ್ದು ಹೇಳೀನಿ."

ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಸಿಟ್ಟಿರಲಿಲ್ಲ. ಗೋಡೆ ಸರಿಯಾಗಿ ಕಟ್ಟಿದೆಯೋ ಇಲ್ಲವೋ ಎಂದು ನೋಡುವಂತೆ.

"ಮದಲ್ ಒಂದು ಹೇಳಿದ್ರಂತ. ಆಮ್ಯಾಲ ಒಂದು. ಅದೂ ಪುಸ್ತಕದಾಗ, ಇದೂ ಪುಸ್ತಕದಾಗ. ನಾವು ಓದಿದವರಲ್ಲ, ನೀವು ಓದಿ ಹೇಳ್ತೀರಂದ್ರ ಆಕಿ ನಂಬ್ತಾಳ್ರಿ" ಎಂದ. ಉಮಾಶ್ರೀ ನೀರು ತಂದಳು. ಕುಡಿಯದೆ ಹೋದ.

ಅವನು ಹೋದ ಮೇಲೆ ಅವಳು, "ವೈನಿ, ಏನರ ಅಂದ್ರೇನು ಆ ಹೆಣ್ಮಗಳಿಗೆ?" ಎಂದಳು.

ಇಲ್ಲ ಎಂದೆ.

ಒಂದು ಕವನ ಸಂಕಲನ ಹಿಡಿದು ಕುಳಿತೆ. ಒಂದು ಸಾಲೂ ಹಿಡಿಸಲಿಲ್ಲ. ಎಲ್ಲ ಕವಿಗಳೂ ಇಂದು ಹೆಚ್ಚು ಮಾತಾಡುವವರಂತೆ ಕಂಡರು.

ಸೆಪ್ಟೆಂಬರ್ ೧೬, ಶನಿವಾರ

ಮಾದಾಪುರಕ್ಕೆ ಹೋಗಿ, ನಾನು ಆಮೇಲೆ ಹೇಳಿದ್ದು ಸುಳ್ಳು, ಮೊದಲು ಹೇಳಿದ್ದೇ ಸರಿ ಎಂದು ಹೇಳಿ ಬರುವುದೆಂದು ಹೊರಟೆ. ಎರಡು ಬಸ್ಸು. ಬೇಗಂಪೇಟೆಯ ಹತ್ತಿರ ಒಂದು ವಿಮಾನ ತಲೆಯ ಮೇಲೇ ಇಳಿದಂತೆ ಹೋಯಿತು, ಬಸ್ಸಿನಲ್ಲಿ ಯಾರೂ ತಲೆಯೆತ್ತಲಿಲ್ಲ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ತಿದ್ದುತ್ತ ಕುಳಿತಿದ್ದೆ.

ಕಟ್ಟಡ ಪೂರ್ತಿ ಗಾಜು. ಆಕಾಶವನ್ನೇ ತುಂಡು ಮಾಡಿ ಅಂಟಿಸಿದ ಹಾಗೆ. ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡ ಮಕ್ಕಳು ನಗುತ್ತ ಒಳಹೋಗುತ್ತಿದ್ದರು. ಎಡಗಡೆಯ ಕಾಂಪೌಂಡಿನ ಹೊರಗೆ, ಫುಟ್‌ಪಾತಿನ ಮೇಲೆ, ಸಾಬಮ್ಮ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದಳು. ಮಡಿಲಲ್ಲಿ ಕಾಕಡಾ ಹೂವಿನ ಮಾಲೆ. ಮುಂದೆ ಯಾರೋ ಎಸೆದುಹೋದ ಎರಡು ರೂಪಾಯಿಯ ನಾಣ್ಯ, ಅವಳು ಮುಟ್ಟಿರಲಿಲ್ಲ.

ನನ್ನನ್ನು ಕಂಡು ಮುಖ ಅರಳಿತು. ಬೈದಾಳು, ಅತ್ತಾಳು ಎಂದುಕೊಂಡಿದ್ದೆ.

"ಸಾಬಮ್ಮ..." ಎಂದೆ.

"ಸಣ್ಣಗ ಮಾತಾಡ್ರಿ ಅಕ್ಕೋರೆ. ಮಲಗ್ಯಾಳ."

ನಾನು ಅವಳ ಪಕ್ಕದಲ್ಲಿ ಕುಳಿತೆ. ಗೋಡೆ ಬಿಸಿಯಾಗಿತ್ತು.

"ನೀವು ಹೇಳಿದ್ದು ಭಾಳ ಚಲೋ ಆತ್ರಿ" ಎಂದು ಪಿಸುಗುಟ್ಟಿದಳು. "ದ್ಯಾವಚಾನದಾಗ ಇದ್ದಾಕಿ ನಾ ಅಲ್ಲಂದ್ರೆಲ್ಲ, ಬರೇ ನನ್ನಂಥಾಕಿ. ಅದು ನನ್ನ ಹೊಟ್ಟ್ಯಾಗ ಕುಟುಕ್ತಿತ್ರಿ. ಹೂವ ಯಾರೋ ಮುಡಸ್ತಾಳ, ನಾ ಅಲ್ಲ. ಈಗ ನೋಡ್ರಿ, ಇಲ್ಲೇ ಅದಾಳ. ತಪ್ಪಾತವ್ವ ಅಂತ ನಾನ ಹೇಳಾಕ ಬರ್ತೈತಿ. ದಿನಾ ಹೇಳ್ತೀನಿ."

ಹೇಳಬೇಕೆಂದು ತಂದಿದ್ದ ಮಾತನ್ನು ಹಾಗೇ ವಾಪಸು ಒಯ್ಯುವುದೆಂದುಕೊಂಡೆ. ಇದನ್ನೂ ಕಿತ್ತುಕೊಂಡರೆ ಬದಲಿಗೆ ಕೊಡಲು ನನ್ನಲ್ಲಿ ಮೂರನೆಯದಿಲ್ಲ.

"ಎಷ್ಟ ವರ್ಸ ಮಲಗ್ತಾಳ್ರಿ?"

"ಬದುಕಬೇಕಾಗಿದ್ದಷ್ಟು."

ಅವಳು ಬೆರಳು ಮಡಚಿದಳು. "ಆಕಿ ಆಯಿ, ನಮ್ಮವ್ವ, ಎಂಬತ್ತರ ಮ್ಯಾಲ ಬದುಕಿದ್ಲು. ಗದಿಗೆಮ್ಮ ಆಕೀದ ಹೋಲಿಕಿ. ಅಷ್ಟು ವರ್ಸ ನನ್ನ ಕೈಲೆ ಕೂಡಾಕ ಆಗಂಗಿಲ್ರಿ." ಆಮೇಲೆ ನನ್ನ ಕಡೆ ತಿರುಗಿ, ಮನೆಕೆಲಸದ ಮಾತಾಡುವಂತೆ, "ಗುರುವಾರ ನೀವು ಬರ್ತೀರೇನ್ರಿ? ಅವತ್ತ ನನಗ ಕೆಲಸ ಐತಿ. ಕಂಪೂಟರ್‌ನವರು ಹಾಲ್ ಕಸ ಹೊಡಿಯಾಕ ಗುರುವಾರ ಬಾ ಅಂದಾರ. ಅದೂ ಬಿಟ್ರ ಇಂವಾ ನನ್ನ ಊರಿಗಿ ಎಳಕೊಂಡ ಹೋಗ್ತಾನ. ನಿಮಗ ಈಗ ಸಾಲಿ ಇಲ್ಲ, ಗಂಡ ಮಕ್ಕಳು ಇಲ್ಲ. ಖಾಲಿನ ಅದೀರಲ್ರಿ?"

ಅದರಲ್ಲಿ ಚುಚ್ಚುಮಾತು ಇರಲಿಲ್ಲ. ನಾನು ಹುಡುಕಿದೆ, ಇರಲಿಲ್ಲ.

ಸೆಕ್ಯೂರಿಟಿಯವನು ಲಾಠಿ ಆಡಿಸುತ್ತ ಬಂದು, "ಏಯ್ ಮುಸಲಮ್ಮಾ, ಲೇ, ಲೇ" ಎಂದ, ಮುದುಕಿ, ಏಳು, ಏಳು ಎಂದು ತೆಲುಗಿನಲ್ಲಿ. ಅವಳು ಎದ್ದು ನಾಲ್ಕು ಹೆಜ್ಜೆ ದೂರ ಹೋಗಿ ಕುಳಿತಳು. ಅವನು ಹೋದ ಮೇಲೆ ಮತ್ತೆ ಬಂದು ಅಲ್ಲೇ ಕುಳಿತಳು. ದಿನವೂ ಹೀಗೆ ಎಂಟು ಹತ್ತು ಸಲ ಆಗುತ್ತದಂತೆ.

ಬರುತ್ತೇನೆ ಎಂದೆ.

ಸೆಪ್ಟೆಂಬರ್ ೨೧, ಗುರುವಾರ

ಹತ್ತರಿಂದ ಐದರವರೆಗೆ. ಪುಸ್ತಕ ಒಯ್ದಿದ್ದೆ, ತೆರೆಯಲಿಲ್ಲ. ಬಿಸಿಲು ಜೋರಿತ್ತು.

ಅದೇ ಸೆಕ್ಯೂರಿಟಿಯವನು ಬಂದ. ಕಾಟನ್ ಸೀರೆ, ಕನ್ನಡಕ, ಕೈಚೀಲ ನೋಡಿ ಲಾಠಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ. "ಧೂಪ್ ಮೇ ಕಾಯ್ಕು ಬೈಠೇ ಮೇಡಂ? ಅಂದರ್ ಆಕೇ ಬೈಠೋ, ಏ.ಸಿ. ಹೈ" ಎಂದು ಬಿಸಿಲಿನಿಂದ ಒಳಗೆ ಕರೆದ. ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಕೇಳಿದ. ಹುಡುಗಿಯೊಬ್ಬಳಿಗೆ ಎಂದೆ. ಯಾವ ಫ್ಲೋರ್ ಎಂದ. ನಾಲ್ಕು ಎಂದೆ. ಫೋನ್ ಮಾಡಿ ಕೆಳಗೆ ಕರೆಸಲೇ ಎಂದ.

ಬೇಡ ಎಂದೆ. ಅವನು ಕೊನೆಯ ಮಾತನ್ನು ತೀರ ಗಟ್ಟಿಯಾಗಿ ಆಡಿದ್ದ. ಸ್ವಲ್ಪ ಮೆಲ್ಲಗೆ ಮಾತಾಡಪ್ಪ ಎಂದು ಹೇಳಬೇಕಾಯಿತು.